ಹಲ್ಲಿನ ಸಾಕ್ಷಿ

ಮನುಷ್ಯನ ಅವಯವಗಳಲ್ಲಿ ಹಲ್ಲಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಹೇಳುತ್ತೇವೆ. ನೋವು ಬಂದ ರಾತ್ರಿ ಲವಂಗವನ್ನು ಅದುಮಿಟ್ಟುಕೊಂಡು, ನೋವು ನಿಂತ ಬೆಳಗ್ಗೆ ಹಲ್ಲನ್ನು ಮರೆತುಬಿಡುತ್ತೇವೆ. ಆದರೆ ದೇಹದ ಉಳಿದ ಭಾಗಗಳೆಲ್ಲ ಬೆಂಕಿಗೋ ನೀರಿಗೋ ಮಣ್ಣಿಗೋ ಸೋತುಹೋದ ಮೇಲೂ ತಾನು ಉಳಿದು, ಈತನು ಇಂಥವನೆಂದು ನ್ಯಾಯಾಧೀಶರ ಮುಂದೆ ಸಾಕ್ಷಿ ನುಡಿಯಬಲ್ಲ ಶಕ್ತಿ ಈ ಅಲಕ್ಷಿತ ಅವಯವಕ್ಕೆ ಉಂಟು. ಆ ಸಾಕ್ಷಿಯನ್ನು ಓದುವ ವಿದ್ಯೆಗೆ ನ್ಯಾಯದಂತಶಾಸ್ತ್ರವೆಂದು ಹೆಸರು. ಅದರ ವಿಚಾರವಾಗಿ ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ಸಾವಿನ ಮಾತನ್ನು ಮನೆಯಲ್ಲಿ ಆಡಬಾರದೆನ್ನುವವರು ಉಂಟು. ಅವರಿಗೆ ನಮ್ಮ ವಿಜ್ಞಾಪನೆಯಿಷ್ಟೆ: ಈ ಶಾಸ್ತ್ರದ ಪ್ರಯೋಜನ ಸತ್ತವರಿಗಿಂತಲೂ ಅವರ ಹಿಂದೆ ಉಳಿದವರಿಗೆ ಹೆಚ್ಚು.

ಹೇಗೆಂದರೆ, ಬೆಂಗಳೂರಿನ ಉತ್ತರ ಭಾಗದಲ್ಲಿ ತುಮಕೂರು ರಸ್ತೆಗೆ ಸಮೀಪವಾಗಿ, ದಾಸರಹಳ್ಳಿಗೆ ಹೊಂದಿಕೊಂಡಿರುವ ಬಾಗಲಗುಂಟೆಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರು ಪೀಣ್ಯದ ಕಾರ್ಖಾನೆಗಳು ಬೆಳೆದಂತೆ ತಾನೂ ಬೆಳೆಯಿತು. ದೂರದ ಜಿಲ್ಲೆಗಳಿಂದಲೂ ಪರಪ್ರಾಂತಗಳಿಂದಲೂ ಜೀವನೋಪಾಯಕ್ಕಾಗಿ ಬಂದ ಸಂಸಾರಗಳು ಇಲ್ಲಿ ಬಾಡಿಗೆ ಮನೆಗಳಲ್ಲಿವೆ. ಹಳ್ಳಿಯಲ್ಲಾದರೆ ನಡಿಗೆಯನ್ನು ನೋಡಿಯೇ ಇಂಥವರ ಮಗನೆಂದು ಹೇಳಬಲ್ಲವರು ನೂರು ಮಂದಿ. ಇಲ್ಲಿಯಾದರೋ ಗೋಡೆಗೆ ಗೋಡೆ ತಾಗಿದ ಮನೆಯವರಿಗೂ ನಮ್ಮ ಪೂರ್ತಿ ಹೆಸರು ತಿಳಿದಿರುವುದಿಲ್ಲ. ಇಂಥ ನೆಲೆಯಲ್ಲಿ ಮನೆಯ ಯಜಮಾನನೊಬ್ಬನು ಕೆಲಸಕ್ಕೆ ಹೋದವನು ಹಿಂತಿರುಗಲಿಲ್ಲವೆನ್ನಿ. ಕೆಲವು ದಿನಗಳ ಮೇಲೆ ಎಲ್ಲಿಯೋ ಗುರುತು ಸಿಕ್ಕದ ಒಂದು ದೇಹ ದೊರೆತರೆ, ಅದು ಅವನದೇ ಅಲ್ಲವೇ ಎಂಬುದನ್ನು ನಿಶ್ಚಯಿಸುವವರು ಯಾರು?

ಇದು ಬರಿಯ ದುಃಖದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು. ದೇಹದ ಗುರುತು ನಿಶ್ಚಯವಾಗದೆ ಮರಣಪತ್ರವಿಲ್ಲ. ಮರಣಪತ್ರವಿಲ್ಲದೆ ವಿಮೆಯ ಹಣ, ಬ್ಯಾಂಕಿನ ಲೆಕ್ಕ, ಖಾತೆ ಬದಲಾವಣೆ, ಕುಟುಂಬದ ಪಿಂಚಣಿ ಇವೆಲ್ಲ ನಿಂತುಹೋಗುತ್ತವೆ. ಕಾಣೆಯಾದವನ ಸುದ್ದಿ, ಸಹಜವಾಗಿ ಅದನ್ನು ಕೇಳಬೇಕಾದವರಿಗೆ ಏಳು ವರ್ಷಗಳ ಕಾಲ ಬಾರದಿದ್ದರೆ ಅವನು ಮೃತನೆಂದು ಭಾವಿಸಬಹುದೆಂಬುದು ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ನಿಯಮ. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. ಮಕ್ಕಳನ್ನು ಕಟ್ಟಿಕೊಂಡ ಹೆಂಗಸಿಗೆ ಏಳು ವರ್ಷವೆಂದರೆ ಎಷ್ಟು ದೀರ್ಘವೆಂಬುದನ್ನು ವಾಚಕರೇ ಯೋಚಿಸಬೇಕು. ಅಷ್ಟು ವರ್ಷಗಳ ಅನಿಶ್ಚಯವನ್ನು ಕೆಲವೊಮ್ಮೆ ಒಂದು ದವಡೆಹಲ್ಲು ಒಂದೇ ದಿನದಲ್ಲಿ ಪರಿಹರಿಸುತ್ತದೆ.

ಹಲ್ಲಿಗೆ ಈ ಬಲವೆಲ್ಲಿಯದು?

ಹಲ್ಲಿನ ಹೊರಗಣ ಕವಚವು ಮನುಷ್ಯದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ಪದಾರ್ಥ. ಅದರಲ್ಲಿ ನೂರಕ್ಕೆ ಸುಮಾರು ೯೬ ಪಾಲು ಖನಿಜವೇ ಇರುವುದರಿಂದ ಕೊಳೆಯತಕ್ಕ ಅಂಶ ಬಹು ಸ್ವಲ್ಪ. ಮುಖವು ಗುರುತು ಸಿಕ್ಕದಷ್ಟು ಕೆಟ್ಟಮೇಲೂ, ಬೆರಳುಗಳ ಚರ್ಮ ಕಳಚಿ ಗೆರೆಗಳು ಅಳಿಸಿದ ಮೇಲೂ ಹಲ್ಲುಗಳು ದವಡೆಯಲ್ಲಿ ನಿಂತಿರುತ್ತವೆ. ಬೆಂಕಿಯಲ್ಲಿ ಮುಂದಿನ ಬಾಚಿಹಲ್ಲುಗಳು ಬೇಗ ಬಿರಿಯುತ್ತವೆ. ಹಿಂದಿನ ದವಡೆಹಲ್ಲುಗಳಿಗಾದರೋ ಕೆನ್ನೆಯೂ ನಾಲಗೆಯೂ ಮರೆಯಾಗುವುದರಿಂದ ಅವು ಬಹಳ ಹೊತ್ತು ತಡೆಯುತ್ತವೆ. ವೈದ್ಯನು ಹಾಕಿದ ಚಿನ್ನ ಅಪ್ಪಟವಾಗಿದ್ದರೆ ಅದು ಕರಗಲು ೧೦೬೪ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಹಲ್ಲಿನ ಒಡಲಲ್ಲಿರುವ ತಿರುಳು ಕವಚದೊಳಗೆ ಭದ್ರವಾಗಿರುವುದರಿಂದ, ವಂಶವಾಹಿಯ ಪರೀಕ್ಷೆಗೆ, ಎಂದರೆ ಡಿ.ಎನ್.ಎ. ಪರೀಕ್ಷೆಗೆ ಬೇಕಾದ ವಸ್ತುವೂ ಹಲವು ವೇಳೆ ಅಲ್ಲಿಯೇ ದೊರೆಯುತ್ತದೆ.

ಗಟ್ಟಿತನದಷ್ಟೇ ಮುಖ್ಯವಾದುದು ವೈವಿಧ್ಯ. ದೊಡ್ಡವರ ಬಾಯಲ್ಲಿ ೩೨ ಹಲ್ಲುಗಳು; ಒಂದೊಂದಕ್ಕೂ ಐದು ಮುಖಗಳು. ಒಬ್ಬರಿಗೆ ಒಂದು ಹಲ್ಲು ಕಿತ್ತಿದೆ, ಇನ್ನೊಬ್ಬರಿಗೆ ಹುಳುಕಿಗೆ ಸಿಮೆಂಟು ತುಂಬಿದೆ, ಮತ್ತೊಬ್ಬರಿಗೆ ಬೇರಿನ ಚಿಕಿತ್ಸೆಯಾಗಿ ಮೇಲೆ ಟೊಪ್ಪಿಗೆ ಕೂಡಿಸಿದೆ. ಒಂದು ಹಲ್ಲು ಓರೆ, ಒಂದು ಹಲ್ಲು ಹುಟ್ಟಲೇ ಇಲ್ಲ. ಎಲೆಯಡಿಕೆ ಹಾಕುವವರ ಹಲ್ಲಿನ ಬಣ್ಣ ಬೇರೆ. ಬಾಯಲ್ಲಿ ಮೊಳೆ ಕಚ್ಚಿ ಕೆಲಸಮಾಡುವವರ ಹಲ್ಲಿನ ಸವೆತ ಬೇರೆ. ಇವೆಲ್ಲ ಕೂಡಿ ಒಬ್ಬರ ಬಾಯಿ ಮತ್ತೊಬ್ಬರದರಂತೆ ಆಗದು. ಒಂದೇ ಬಸಿರಿನಲ್ಲಿ ಒಂದೇ ರೂಪದಿಂದ ಹುಟ್ಟಿದ ಅವಳಿಗಳ ವಂಶವಾಹಿಯನ್ನು ಸಾಮಾನ್ಯ ಪರೀಕ್ಷೆ ಬೇರ್ಪಡಿಸಲಾರದು; ಹಲ್ಲಿನ ಚಿಕಿತ್ಸೆ ಅವರಿಬ್ಬರಲ್ಲಿಯೂ ಬೇರೆ ಬೇರೆಯಾಗಿರುತ್ತದೆ. ಅಂತರರಾಷ್ಟ್ರೀಯ ಪೋಲೀಸು ಸಂಸ್ಥೆಯಾದ ಇಂಟರ್‌ಪೋಲ್, ದೊಡ್ಡ ಅನಾಹುತಗಳಲ್ಲಿ ಮೃತರನ್ನು ಗುರುತಿಸಲು ಬೆರಳಚ್ಚು, ಹಲ್ಲು, ವಂಶವಾಹಿ ಈ ಮೂರನ್ನೇ ಪ್ರಧಾನ ಸಾಧನಗಳೆಂದು ಅಂಗೀಕರಿಸಿದೆ. ಉಡುಪು, ಒಡವೆ, ಜೇಬಿನ ಚೀಟಿ ಇವು ಸಹಾಯಕ ಮಾತ್ರ. ಏಕೆಂದರೆ ಅವು ಒಬ್ಬರಿಂದ ಒಬ್ಬರಿಗೆ ಹೋಗತಕ್ಕವು.

ಹೋಲಿಸುವ ಬಗೆ

ಗುರುತಿಲ್ಲದ ದೇಹವೊಂದು ಸಿಕ್ಕಿದಾಗ ಆ ಎಲ್ಲೆಯ ಠಾಣೆಯ ಅಧಿಕಾರಿಗಳು ಪಂಚರ ಸಮಕ್ಷಮದಲ್ಲಿ ಮಹಜರು ಬರೆದು ದೇಹವನ್ನು ಶವಪರೀಕ್ಷೆಗೆ ಕಳುಹಿಸುತ್ತಾರೆ. ಬೇಕಾದ ವಸ್ತುಗಳು ಮಡಿವಾಳದಲ್ಲಿರುವ ರಾಜ್ಯದ ವಿಧಿವಿಜ್ಞಾನ ಪ್ರಯೋಗಶಾಲೆಗೆ ಹೋಗುತ್ತವೆ. ಹಲ್ಲಿನ ಪರೀಕ್ಷೆ ನಡೆಯಬೇಕಾದಲ್ಲಿ ದಂತತಜ್ಞನು ದವಡೆಯ ಚಿತ್ರಪಟವನ್ನು ತೆಗೆದು, ಎಕ್ಸ್-ರೇ ಹಿಡಿದು, ಹಲ್ಲೊಂದೊಂದರ ಸ್ಥಿತಿಯನ್ನೂ ನಮೂದಿಸುತ್ತಾನೆ.

ಈ ನಮೂದಿಗೆ ಒಂದು ಸಂಕೇತವುಂಟು. ನಮ್ಮ ಚಿಕಿತ್ಸೆಯ ಚೀಟಿಗಳಲ್ಲಿಯೂ ಅದನ್ನೇ ಬರೆದಿರುವುದರಿಂದ ಗೃಹಸ್ಥರು ಅದನ್ನು ತಿಳಿಯುವುದು ಲೇಸು. ಬಾಯಿಯನ್ನು ನಾಲ್ಕು ಪಾಲಾಗಿ ವಿಂಗಡಿಸಿ, ಹಲ್ಲುಳ್ಳವನ ಮೇಲಿನ ಬಲಪಾಲಿಗೆ ೧, ಮೇಲಿನ ಎಡಪಾಲಿಗೆ ೨, ಕೆಳಗಿನ ಎಡಪಾಲಿಗೆ ೩, ಕೆಳಗಿನ ಬಲಪಾಲಿಗೆ ೪ ಎಂದು ಅಂಕಿ ಕೊಡುತ್ತಾರೆ. ಪ್ರತಿ ಪಾಲಿನಲ್ಲಿಯೂ ನಡುವಿನ ಬಾಚಿಹಲ್ಲಿನಿಂದ ಹಿಂದಕ್ಕೆ ೧ರಿಂದ ೮ರವರೆಗೆ ಎಣಿಸುತ್ತಾರೆ. ಮೂರನೆಯದು ಕೋರೆಹಲ್ಲು, ಎಂಟನೆಯದು ಬುದ್ಧಿಹಲ್ಲು. ಪಾಲಿನ ಅಂಕಿಯೂ ಹಲ್ಲಿನ ಅಂಕಿಯೂ ಕೂಡಿ ಹಲ್ಲಿನ ಹೆಸರಾಗುತ್ತದೆ. ಚೀಟಿಯಲ್ಲಿ ೪೬ ಎಂದಿದ್ದರೆ ಕೆಳಗಿನ ಬಲಪಾಲಿನ ಆರನೆಯ ಹಲ್ಲು, ಎಂದರೆ ಮೊದಲನೆಯ ದೊಡ್ಡ ದವಡೆಹಲ್ಲು ಎಂದು ತಿಳಿಯತಕ್ಕದ್ದು.

ಅನಂತರ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆನೋಡುತ್ತಾರೆ: ಬದುಕಿದ್ದಾಗ ವೈದ್ಯನು ಬರೆದ ಲೆಕ್ಕ ಒಂದು, ಸತ್ತ ಮೇಲೆ ತಜ್ಞನು ಬರೆದ ಲೆಕ್ಕ ಇನ್ನೊಂದು. ಇಲ್ಲಿಯ ತರ್ಕ ಬಹು ಸರಳವೂ ಸೂಕ್ಷ್ಮವೂ ಆಗಿದೆ. ಹಳೆಯ ಚೀಟಿಯಲ್ಲಿ ೪೬ ಇದೆಯೆಂದು ಬರೆದಿದ್ದು, ದೇಹದಲ್ಲಿ ಅದು ಇಲ್ಲವೆನ್ನೋಣ. ಇದು ವಿರೋಧವಲ್ಲ, ಚೀಟಿ ಬರೆದ ಮೇಲೆ ಎಲ್ಲಿಯಾದರೂ ಕೀಳಿಸಿಕೊಂಡಿರಬಹುದು. ಆದರೆ ೪೬ನ್ನು ಕಿತ್ತಿದೆಯೆಂದು ಚೀಟಿಯಲ್ಲಿದ್ದು, ದೇಹದಲ್ಲಿ ಆ ಹಲ್ಲು ಕುಂದಿಲ್ಲದೆ ನಿಂತಿದ್ದರೆ ಅದು ಅವನ ದೇಹವಲ್ಲವೆಂಬುದು ಸಿದ್ಧ. ಏಕೆಂದರೆ ಕಿತ್ತ ಹಲ್ಲು ಮರಳಿ ಹುಟ್ಟದು. ಹೀಗೆ ವಿವರಿಸಬಹುದಾದ ವ್ಯತ್ಯಾಸಗಳನ್ನು ಬೇರೆಯಿಟ್ಟು, ವಿವರಿಸಲಾಗದ ವ್ಯತ್ಯಾಸ ಒಂದೂ ಇಲ್ಲದೆ ಸಾಕಷ್ಟು ಗುರುತುಗಳು ಹೊಂದಿದರೆ ತಜ್ಞನು ಇವನೇ ಎಂದು ಹೇಳುತ್ತಾನೆ. ಆಧಾರ ಸಾಲದಿದ್ದರೆ ಇರಬಹುದು ಎಂದಷ್ಟೇ ಹೇಳಿ ನಿಲ್ಲುತ್ತಾನೆ.

ಇದರಿಂದ ಸ್ಪಷ್ಟವಾಗುವುದೇನೆಂದರೆ, ಹಲ್ಲು ತಾನಾಗಿ ಯಾರ ಹೆಸರನ್ನೂ ಹೇಳದು. ಬದುಕಿದ್ದಾಗಿನ ಬರವಣಿಗೆ ಇಲ್ಲದಿದ್ದರೆ ಅತ್ಯಂತ ನಿಪುಣನಾದ ತಜ್ಞನೂ ವಯಸ್ಸು ಇಷ್ಟಿರಬಹುದು, ಇಂಥ ಚಿಕಿತ್ಸೆ ಆಗಿದೆ ಎಂಬುದರಿಂದ ಮುಂದೆ ಹೋಗಲಾರನು.

ಪ್ಯಾರಿಸಿನಿಂದ ಮಂಗಳೂರಿಗೆ

ಈ ಶಾಸ್ತ್ರಕ್ಕೆ ಲೋಕದಲ್ಲಿ ಮನ್ನಣೆ ಬಂದದ್ದು ಒಂದು ಮಹಾದುಃಖದಿಂದ. ೧೮೯೭ನೆಯ ಮೇ ೪ರಂದು ಪ್ಯಾರಿಸು ನಗರದಲ್ಲಿ ಧರ್ಮಾರ್ಥವಾಗಿ ಏರ್ಪಡಿಸಿದ್ದ ಸಂತೆಯೊಂದರಲ್ಲಿ, ಆಗ ಹೊಸದಾಗಿದ್ದ ಚಲಚ್ಚಿತ್ರ ಯಂತ್ರದ ದೀಪದಿಂದ ಬೆಂಕಿಯೆದ್ದು, ನೂರಿಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ಹೆಂಗಸರು. ಒಡವೆ, ವಸ್ತ್ರಗಳಿಂದ ಕೆಲವರ ಗುರುತು ಸಿಕ್ಕಿತು. ಉಳಿದವರ ಗುರುತು ಸಿಕ್ಕಲಿಲ್ಲ. ಆಗ ಅಲ್ಲಿದ್ದ ಪರಾಗ್ವೆ ದೇಶದ ಪ್ರತಿನಿಧಿಯು, ಮೃತರಿಗೆ ಚಿಕಿತ್ಸೆ ಮಾಡಿದ್ದ ದಂತವೈದ್ಯರನ್ನೇ ಕರೆಸಿರೆಂದು ಸೂಚಿಸಿದನು. ಆಸ್ಟ್ರಿಯ ದೇಶದ ಮಹಾರಾಣಿಯ ತಂಗಿಯಾದ ಅಲಾನ್ಸೋನ್ ಪ್ರಾಂತದ ಡಚೆಸ್ಸಳನ್ನು ಹೀಗೆ ಆಕೆಯ ದಂತವೈದ್ಯನು ಗುರುತಿಸಿದನು. ಕ್ಯೂಬದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ಆಸ್ಕರ್ ಅಮೊಯೆದೊ ಎಂಬ ದಂತವೈದ್ಯನು ಈ ಸಂಗತಿಗಳನ್ನೆಲ್ಲ ಸಂಗ್ರಹಿಸಿ ೧೮೯೮ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಈ ಶಾಸ್ತ್ರಕ್ಕೆ ಅದೇ ಮೊದಲ ದೊಡ್ಡ ಗ್ರಂಥವೆಂದು ಗಣಿಸಲ್ಪಟ್ಟಿದೆ. ಆ ದಿನ ಬೆಲೆ ಬಂದದ್ದು ವೈದ್ಯರ ಪುಸ್ತಕದಲ್ಲಿದ್ದ ನಾಲ್ಕು ಸಾಲಿನ ಲೆಕ್ಕಕ್ಕೆ ಎಂಬುದನ್ನು ಮರೆಯಬಾರದು.

ನಮ್ಮ ನಾಡಿನಲ್ಲಿಯೂ ಅಂಥ ದಿನ ಬಂದಿತ್ತು. ೨೦೧೦ನೆಯ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜಪೆಯ ನಿಲ್ದಾಣದಲ್ಲಿ ಇಳಿಯುವಾಗ ಓಟದ ಹಾದಿಯನ್ನು ದಾಟಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು. ಉಳಿದವರು ಎಂಟು ಮಂದಿ ಮಾತ್ರ. ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯವರು. ಮದುವೆಗೆಂದೋ ರಜೆಗೆಂದೋ ಊರಿಗೆ ಬರುತ್ತಿದ್ದವರು. ಬಂಧುಗಳು ಆ ಸಂಕಟದಲ್ಲಿ ಬಟ್ಟೆಯ ಚೂರನ್ನೋ ಉಂಗುರವನ್ನೋ ನೋಡಿ, ಇವನೇ ನಮ್ಮವನೆಂದು ದೇಹಗಳನ್ನು ಕೊಂಡೊಯ್ದರು. ಅವರನ್ನು ಯಾರು ದೂಷಿಸಬಲ್ಲರು? ಆದರೆ ಗುರುತು ಉಳಿಯದ ೨೨ ದೇಹಗಳಿಗೆ ಹೈದರಾಬಾದಿನ ಕೇಂದ್ರದಲ್ಲಿ ವಂಶವಾಹಿಯ ಪರೀಕ್ಷೆ ನಡೆದಾಗ, ಅವುಗಳಲ್ಲಿ ೧೨ ದೇಹಗಳು ಕಾಯುತ್ತಿದ್ದ ಬಂಧುಗಳಲ್ಲಿ ಯಾರಿಗೂ ಹೊಂದಲಿಲ್ಲ. ಅವಸರದಲ್ಲಿ ದೇಹಗಳು ಅದಲುಬದಲಾಗಿದ್ದವೆಂಬುದೇ ಇದರ ಅರ್ಥ. ಆ ಹನ್ನೆರಡನ್ನು ಕೂಳೂರಿನ ಬಳಿ ನದಿಯ ದಂಡೆಯಲ್ಲಿ ಒಟ್ಟಾಗಿ ಭೂಮಿಗೆ ಸೇರಿಸಿದರು. ತಮ್ಮವರ ಸಮಾಧಿ ಎಲ್ಲಿದೆಯೆಂದು ತಿಳಿಯದ ಮನೆಗಳು ಹೀಗೆ ಉಳಿದವು.

೨೦೦೪ನೆಯ ಡಿಸೆಂಬರಿನ ಸುನಾಮಿಯ ಅನಂತರ ಥಾಯ್ಲೆಂಡಿನಲ್ಲಿ ಬೇರೊಂದು ಅನುಭವವಾಯಿತು. ಅಲ್ಲಿ ಮಡಿದ ಯೂರೋಪಿನ ಪ್ರವಾಸಿಗಳಲ್ಲಿ ಬಹುಮಂದಿಯನ್ನು ಹಲ್ಲಿನ ಲೆಕ್ಕದಿಂದಲೇ ಗುರುತಿಸಿದರು. ಅವರ ಊರುಗಳಿಂದ ವೈದ್ಯರು ಹಳೆಯ ಎಕ್ಸ್-ರೇಗಳನ್ನು ಕಳುಹಿಸಿಕೊಟ್ಟಿದ್ದರು. ಅದೇ ತೀರದಲ್ಲಿ ಮಡಿದ ಸ್ಥಳೀಯರಿಗೆ ಅಂಥ ದಾಖಲೆ ಕಡಮೆಯಿದ್ದುದರಿಂದ ಹಲ್ಲಿನ ಸಹಾಯವೂ ಅಷ್ಟಾಗಿ ದೊರೆಯಲಿಲ್ಲ. ಹಲ್ಲು ಇಬ್ಬರಿಗೂ ಇತ್ತು. ಚೀಟಿ ಒಬ್ಬರಿಗೆ ಮಾತ್ರ ಇತ್ತು.

ಧಾರವಾಡಕ್ಕೆ ಬಂದ ಮೊಕದ್ದಮೆ

ಹಲ್ಲು ಸತ್ತವರ ಪರವಾಗಿ ಸಾಕ್ಷಿ ನುಡಿಯುವಂತೆ ಅಪರಾಧಿಯ ವಿರುದ್ಧವೂ ನುಡಿಯುವುದುಂಟು. ೨೦೧೨ನೆಯ ಡಿಸೆಂಬರ್ ೧೬ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ಒಬ್ಬ ತರುಣಿಯ ಮೇಲೆ ನಡೆದ ಘೋರಕೃತ್ಯ ದೇಶವನ್ನೆಲ್ಲ ನಡುಗಿಸಿತು. ಆಕೆಯ ದೇಹದ ಮೇಲೆ ಕಡಿತದ ಗುರುತುಗಳಿದ್ದವು. ಪೋಲೀಸರು ಅವುಗಳ ಚಿತ್ರಪಟಗಳನ್ನೂ ಆರೋಪಿಗಳ ಹಲ್ಲಿನ ಅಚ್ಚುಗಳನ್ನೂ ಕಳುಹಿಸಿದ್ದು ಧಾರವಾಡದ ಸತ್ತೂರಿನಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯಕ್ಕೆ. ಅಲ್ಲಿಯ ತಜ್ಞರಾದ ಡಾ. ಆಶಿತ್ ಆಚಾರ್ಯರು ಅವೆರಡನ್ನೂ ತಾಳೆನೋಡಿ, ಮೂರು ಗುರುತುಗಳಾದರೂ ಒಬ್ಬ ಆರೋಪಿಯ ಹಲ್ಲಿನಿಂದ ಆದುವೆಂದೂ, ಒಂದು ಗುರುತು ಬಹುಮಟ್ಟಿಗೆ ಮತ್ತೊಬ್ಬನದೆಂದೂ ಅಭಿಪ್ರಾಯವನ್ನು ಕೊಟ್ಟು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ೨೦೧೭ನೆಯ ಮೇ ೫ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪಿನಲ್ಲಿ ಈ ಸಾಕ್ಷ್ಯವನ್ನು ಅಂಗೀಕರಿಸಿತು. ನಮ್ಮ ನಾಡಿನ ಒಂದು ವಿದ್ಯಾಶಾಲೆಯಲ್ಲಿ ಸದ್ದಿಲ್ಲದೆ ನಡೆದ ಕೆಲಸ ದೇಶದ ದೊಡ್ಡ ಮೊಕದ್ದಮೆಯೊಂದರಲ್ಲಿ ಹೀಗೆ ನೆರವಾಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾಗದು. ದವಡೆಯಲ್ಲಿರುವ ಹಲ್ಲನ್ನು ಎಕ್ಸ್-ರೇಯೊಡನೆ ಹೋಲಿಸುವುದು ಒಂದು. ಚರ್ಮದ ಮೇಲಿನ ಕಡಿತವನ್ನು ಹಲ್ಲಿನೊಡನೆ ಹೋಲಿಸುವುದು ಇನ್ನೊಂದು. ಚರ್ಮವು ಎಳೆದರೆ ಹಿಗ್ಗುತ್ತದೆ, ಬಾತುಕೊಳ್ಳುತ್ತದೆ, ದಿನಕಳೆದಂತೆ ಗುರುತು ಬದಲಾಗುತ್ತದೆ. ಅಮೆರಿಕದಲ್ಲಿ ರೇ ಕ್ರೋನ್ ಎಂಬಾತನನ್ನು ಮುಖ್ಯವಾಗಿ ಕಡಿತದ ಗುರುತನ್ನು ನಂಬಿ ೧೯೯೨ರಲ್ಲಿ ಕೊಲೆಗಾರನೆಂದು ತೀರ್ಮಾನಿಸಿ ಮರಣದಂಡನೆ ವಿಧಿಸಿದರು. ಹತ್ತು ವರ್ಷ ಸೆರೆಯಲ್ಲಿದ್ದ ಮೇಲೆ ೨೦೦೨ರಲ್ಲಿ ವಂಶವಾಹಿಯ ಪರೀಕ್ಷೆ ಅವನನ್ನು ನಿರಪರಾಧಿಯೆಂದು ಬಿಡಿಸಿತು. ೨೦೦೯ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಕಡಿತದ ಗುರುತಿನಿಂದ ಒಬ್ಬನನ್ನೇ ಬೆರಳಿಟ್ಟು ತೋರಿಸುವುದಕ್ಕೆ ಸಾಕಾದ ಶಾಸ್ತ್ರಾಧಾರವಿಲ್ಲವೆಂದು ಹೇಳಿತು. ದೆಹಲಿಯ ಮೊಕದ್ದಮೆಯಲ್ಲಿ ವಂಶವಾಹಿಯ ಪರೀಕ್ಷೆ, ಗಾಯಗೊಂಡವಳ ಮರಣಕಾಲದ ಹೇಳಿಕೆ, ಪ್ರತ್ಯಕ್ಷಸಾಕ್ಷಿ ಇವುಗಳ ಜೊತೆಯಲ್ಲಿ ಹಲ್ಲಿನ ಸಾಕ್ಷ್ಯ ಒಂದು ಕೊಂಡಿಯಾಗಿ ನಿಂತಿತು. ಅದು ಒಂಟಿಯಾಗಿ ನಿಂತಾಗ ಅದರ ಮಾತನ್ನು ತೂಗಿ ನೋಡುವುದು ವಿವೇಕ.

ವಯಸ್ಸಿನ ನಿರ್ಣಯ

ಬದುಕಿರುವವರಿಗೂ ಈ ಶಾಸ್ತ್ರದಿಂದ ಉಪಕಾರವುಂಟು. ಮಗುವಿಗೆ ಸುಮಾರು ಆರು ತಿಂಗಳಲ್ಲಿ ಮೊದಲ ಹಾಲುಹಲ್ಲು ಹುಟ್ಟುತ್ತದೆ. ಎರಡೂವರೆ ಮೂರು ವರ್ಷಕ್ಕೆ ೨೦ ಹಾಲುಹಲ್ಲುಗಳೂ ತುಂಬುತ್ತವೆ. ಆರನೆಯ ವರ್ಷಕ್ಕೆ ಮೊದಲ ಸ್ಥಿರ ದವಡೆಹಲ್ಲು, ಹನ್ನೆರಡನೆಯ ವರ್ಷಕ್ಕೆ ಎರಡನೆಯದು, ಹದಿನೇಳರ ಮೇಲೆ ಬುದ್ಧಿಹಲ್ಲು. ೧೮೩೭ರಲ್ಲಿಯೇ ಇಂಗ್ಲೆಂಡಿನ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು, ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ವಯಸ್ಸನ್ನು ಹಲ್ಲಿನಿಂದ ತಿಳಿಯಬಹುದೆಂದು ತೋರಿಸಿದನು. ಇಂದು ಎಕ್ಸ್-ರೇಯಲ್ಲಿ ಬೇರಿನ ಬೆಳವಣಿಗೆಯನ್ನು ನೋಡಿ ಇನ್ನೂ ಸೂಕ್ಷ್ಮವಾಗಿ ಎಣಿಸುತ್ತಾರೆ. ನಮ್ಮ ದೇಶದ ೨೦೧೫ರ ಬಾಲನ್ಯಾಯ ಅಧಿನಿಯಮದಂತೆ ಶಾಲೆಯ ಪ್ರಮಾಣಪತ್ರಕ್ಕೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಜನನಪತ್ರಕ್ಕೆ. ಎರಡೂ ಇಲ್ಲದಾಗ ವೈದ್ಯಕೀಯ ಪರೀಕ್ಷೆಗೆ ಅವಕಾಶವುಂಟು. ಕೂಲಿಗೆ ಸೇರಿಸಲ್ಪಟ್ಟ ಬಾಲಕನಿಗೋ ಬಾಲ್ಯವಿವಾಹಕ್ಕೆ ಗುರಿಯಾದ ಹುಡುಗಿಗೋ ಕಾಗದವಿಲ್ಲದಾಗ ಅವರ ಹಲ್ಲೇ ಕಾಗದವಾಗುತ್ತದೆ. ಆದರೂ ಇದರಲ್ಲಿ ಒಂದೆರಡು ವರ್ಷಗಳ ಹೆಚ್ಚುಕಡಮೆ ಇದ್ದೇ ಇರುವುದರಿಂದ ಇದು ಅಂದಾಜೇ ಹೊರತು ಜಾತಕವಲ್ಲ.

ಗೃಹಸ್ಥರು ಮಾಡತಕ್ಕದ್ದು

ಇಷ್ಟನ್ನು ಹೇಳಿದಮೇಲೆ ನಮ್ಮ ಮುಖ್ಯ ಅಭಿಪ್ರಾಯವನ್ನು ಹೇಳುತ್ತೇವೆ. ಬಾಗಲಗುಂಟೆಯಂಥ ಬಡಾವಣೆಗಳಲ್ಲಿ ದಂತವೈದ್ಯರ ಫಲಕಗಳಿಗೆ ಕೊರತೆಯಿಲ್ಲ. ಸ್ವಲ್ಪ ದೂರದಲ್ಲಿ ಮತ್ತಿಕೆರೆಯ ಬಳಿಯಲ್ಲಿಯೂ, ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲಿಯೂ ದಂತವೈದ್ಯ ಕಾಲೇಜುಗಳಿವೆ. ಚಿಕಿತ್ಸೆ ದೊರೆಯುತ್ತದೆ; ಅದರ ದಾಖಲೆ ಮಾತ್ರ ಮನೆಯಲ್ಲಿ ಉಳಿಯುವುದಿಲ್ಲ. ಎಕ್ಸ್-ರೇಯ ಪುಟ್ಟ ಹಾಳೆ ಮನೆಗೆ ಬಂದ ವಾರದಲ್ಲಿಯೇ ಕಸಕ್ಕೆ ಹೋಗುತ್ತದೆ. ಹಣವಿಲ್ಲದೆ ಸರಿಪಡಿಸಬಹುದಾದ ಕೊರತೆ ಇದು.

ಮೊದಲನೆಯದಾಗಿ, ಮನೆಯ ಪ್ರತಿಯೊಬ್ಬರ ಹಲ್ಲಿನ ಚೀಟಿ, ಎಕ್ಸ್-ರೇಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರನ್ನೂ ವೈದ್ಯರ ವಿಳಾಸವನ್ನೂ ಬರೆದು, ಪಡಿತರ ಚೀಟಿ, ಕ್ರಯಪತ್ರಗಳನ್ನಿಡುವ ಬೀರುವಿನಲ್ಲಿಯೇ ಇಡತಕ್ಕದ್ದು. ಎರಡನೆಯದಾಗಿ, ಹಲ್ಲು ಕಿತ್ತಾಗ ಅಥವಾ ತುಂಬಿದಾಗ ಅದರ ಅಂಕಿಯನ್ನೂ ತಾರೀಖನ್ನೂ ಬರೆದುಕೊಡಿರೆಂದು ವೈದ್ಯರನ್ನು ಕೇಳತಕ್ಕದ್ದು. ಯಾವ ವೈದ್ಯರೂ ಇದಕ್ಕೆ ಬೇಸರಪಡರು. ಮೂರನೆಯದಾಗಿ, ಮಕ್ಕಳ ಹಲ್ಲಿಗೆ ತಂತಿ ಕಟ್ಟಿಸಿದಾಗ ತೆಗೆದ ಅಚ್ಚುಗಳನ್ನು ಎಸೆಯದೆ ಕೇಳಿ ತರಬೇಕು. ನಾಲ್ಕನೆಯದಾಗಿ, ಹಿರಿಯರ ಕಟ್ಟುಹಲ್ಲಿನ ಒಳಮೈಯಲ್ಲಿ ಅವರ ಹೆಸರನ್ನು ಸೇರಿಸಿಕೊಡುವಂತೆ ಮಾಡುವಾಗಲೇ ಹೇಳಬಹುದು. ಮರೆವಿನಿಂದ ಹಾದಿತಪ್ಪಿದ ಮುದುಕರನ್ನು ಮನೆಗೆ ಸೇರಿಸಲೂ ಇದು ಸಹಾಯವಾದೀತು. ಐದನೆಯದಾಗಿ, ಹಲ್ಲು ಕಾಣುವಂತೆ ನಕ್ಕ ಸ್ಪಷ್ಟವಾದ ಭಾವಚಿತ್ರವೊಂದು ಪ್ರತಿಯೊಬ್ಬರದೂ ಇರಲಿ. ವೈದ್ಯರ ದಾಖಲೆ ಏನೂ ಇಲ್ಲದಾಗ ಮುಂದಿನ ಹಲ್ಲುಗಳನ್ನು ಹೋಲಿಸಲು ತಜ್ಞರು ಇಂಥ ಚಿತ್ರವನ್ನೇ ಬಳಸುತ್ತಾರೆ. ಪರಸ್ಥಳದಲ್ಲಿ ದುಡಿಯುವ ಮಗನಿದ್ದರೆ ಇವುಗಳ ಒಂದು ಪ್ರತಿ ಊರಿನ ಮನೆಯಲ್ಲಿಯೂ ಇರತಕ್ಕದ್ದು.

ಕೊನೆಯದಾಗಿ, ಯಾರ ಮನೆಗೂ ಬಾರದಿರಲೆಂದು ನಾವು ಪ್ರಾರ್ಥಿಸುವ ಆ ದಿನ ಬಂದರೆ, ಉಂಗುರ ನೋಡಿ ನಿರ್ಧರಿಸುವ ಮುನ್ನ ಈ ಲಕೋಟೆಯನ್ನು ಠಾಣೆಯವರ ಕೈಗೆ ಕೊಟ್ಟು ಪರೀಕ್ಷೆ ಮುಗಿಯುವವರೆಗೆ ತಾಳಿಕೊಳ್ಳಬೇಕು. ಆ ತಾಳ್ಮೆ ಬಹು ಕಷ್ಟದ್ದು. ಆದರೆ ಕೂಳೂರಿನ ಹನ್ನೆರಡು ಸಮಾಧಿಗಳನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಒಬ್ಬರ ಅವಸರದಿಂದ ಎರಡು ಮನೆಗಳು ತಮ್ಮವರನ್ನು ಕಳೆದುಕೊಳ್ಳುತ್ತವೆ.

ಹಿರಿಯರು ಜಾತಕವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಇನ್ನೊಂದು ಲಕೋಟೆಗೆ ಸ್ಥಳವಿದ್ದೇ ಇರುತ್ತದೆ. ಈ ತಿಂಗಳು ಬಿಡುವಾದ ಒಂದು ಭಾನುವಾರ ಮನೆಯವರೆಲ್ಲ ಕುಳಿತು ಅದನ್ನು ಸಿದ್ಧಪಡಿಸಬೇಕೆಂದು ನಮ್ಮ ವಾಚಕರಲ್ಲಿ ಕೋರುತ್ತೇವೆ.